ಸ್ಕ್ಯಾನರಿಗೂ ಗಣಕಕ್ಕೂ ನಡುವೆ ಒಂದು ಕಾರ್ಡು

ಕಳೆದ ಕಂತಿನಲ್ಲಿ ಪರದೆಯ ಮೇಲೆ ಬಂದ ಭತ್ತದ ಕಾಳಿನ ಚಿತ್ರಗಳನ್ನು ನೋಡಿ ಹಲವು ವಿದ್ಯಾರ್ಥಿಗಳು ಪತ್ರ ಬರೆದಿದ್ದಾರೆ. ಕ್ಯಾಮರಾ ಇಲ್ಲದೆ ಕಾಳಿನ ಮೇಲಿನ ಗೆರೆಗಳೂ ಕಾಣುವಂತೆ ಚಿತ್ರ ತೆಗೆದದ್ದು ಹೇಗೆ ಎಂಬುದು ಬಹುಮಂದಿಯ ಪ್ರಶ್ನೆ. ಉತ್ತರ ಸುಲಭ: ಕಾಳುಗಳನ್ನು ಒಂದು ಹಳೆಯ ಸ್ಕ್ಯಾನರಿನ ಗಾಜಿನ ಮೇಲೆ ಹರಡಿ ತೆಗೆದ ಚಿತ್ರಗಳವು. ಆದರೆ ಆ ಸ್ಕ್ಯಾನರನ್ನು ಗಣಕಕ್ಕೆ ಜೋಡಿಸಲು ನಮಗೆ ಪೂರ್ತಿ ಎರಡು ದಿನ ಹಿಡಿಯಿತು. ಕಾರ್ಯಕ್ರಮದಲ್ಲಿ ಆ ಎರಡು ದಿನಗಳಿಗೆ ಸಿಕ್ಕಿದ್ದು ಒಂದೂವರೆ ನಿಮಿಷ ಮಾತ್ರ. ಉಳಿದದ್ದನ್ನು ಇಲ್ಲಿ ವಿವರಿಸುತ್ತೇನೆ. ನಿಮ್ಮ ಶಾಲೆ ಅಥವಾ ಕಾಲೇಜಿನ ಉಗ್ರಾಣದಲ್ಲೂ ಇಂಥದೊಂದು ಸ್ಕ್ಯಾನರ್ ದೂಳು ಹಿಡಿದು ಕುಳಿತಿರಬಹುದು.

ಮೊದಲು ಸಂದರ್ಭ. ಮಲೆನಾಡಿನ ಒಂದು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಮಕ್ಕಳ ಮೂಲಕ ಸುತ್ತಲಿನ ಹಳ್ಳಿಗಳ ಭತ್ತದ ತಳಿಗಳನ್ನು ವರ್ಷಗಳಿಂದ ಸಂಗ್ರಹಿಸಿದ್ದರು. ಪ್ರತಿ ತಳಿಗೂ ಒಂದು ಕಾಗದದ ಪೊಟ್ಟಣ. ಪೊಟ್ಟಣದ ಮೇಲೆ ತಳಿಯ ಹೆಸರು, ಕೊಟ್ಟವರ ಊರು, ಬೆಳೆದ ಗದ್ದೆಯ ಬಗೆ. ಒಂದು ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಅರ್ಧಕ್ಕರ್ಧ ಪೊಟ್ಟಣಗಳಿಗೆ ಹುಳ ಬಿದ್ದಿತ್ತು. ಕೆಲವದರಲ್ಲಿ ಹೊಟ್ಟು ಮಾತ್ರ ಉಳಿದಿತ್ತು. ಆ ಪೈಕಿ ಕೆಲವು ತಳಿಗಳನ್ನು ಈಗ ಅಲ್ಲಿ ಯಾರೂ ಬೆಳೆಯುತ್ತಿರಲಿಲ್ಲ. ಇರುವಷ್ಟು ಕಾಳುಗಳ ಗಾತ್ರ, ಆಕಾರ, ಬಣ್ಣ, ಮುಳ್ಳಿನ ಉದ್ದ ಎಲ್ಲವನ್ನೂ ಬೇಗ ದಾಖಲಿಸಬೇಕಿತ್ತು.

ಮಕ್ಕಳು ಮೊದಲು ಕಚೇರಿಯಲ್ಲಿದ್ದ ಹೊಸ, ತೆಳ್ಳನೆಯ ಸ್ಕ್ಯಾನರಿನಲ್ಲಿ ಪ್ರಯತ್ನಿಸಿದರು. ಗಾಜಿಗೆ ತಾಗಿದ ಭಾಗ ಸ್ಪಷ್ಟ, ಕಾಳಿನ ಅಂಚೆಲ್ಲ ಮಂಜು. ಇದು ಯಂತ್ರದ ದೋಷವಲ್ಲ. ಇಂದಿನ ಅಗ್ಗದ ಸ್ಕ್ಯಾನರುಗಳಲ್ಲಿ ಬೆಳಕನ್ನು ಗ್ರಹಿಸುವ ಪಟ್ಟಿ ಗಾಜಿನ ತೀರ ಹತ್ತಿರ, ಕೆಳಗೇ ಇರುತ್ತದೆ. ಹಾಳೆಗೆ ಅದು ಚೆನ್ನ; ಗಾಜಿನಿಂದ ಒಂದು ಮಿಲಿಮೀಟರ್ ಮೇಲಕ್ಕೆ ಹೋದರೆ ಅದರ ಕಣ್ಣು ಮಂದವಾಗುತ್ತದೆ. ಹಳೆಯ ಸ್ಕ್ಯಾನರುಗಳ ರಚನೆ ಬೇರೆ. ಅವುಗಳಲ್ಲಿ ಕನ್ನಡಿಗಳು ಬೆಳಕನ್ನು ಮಡಚಿ ಮಡಚಿ ಒಂದು ಮಸೂರಕ್ಕೆ ಕಳಿಸುತ್ತವೆ, ಮಸೂರ ಅದನ್ನು ಒಂದು ಸಿಸಿಡಿ ಪಟ್ಟಿಯ ಮೇಲೆ ಬೀಳಿಸುತ್ತದೆ. ದಾರಿ ಉದ್ದವಾದ್ದರಿಂದ ಗಾಜಿಗಿಂತ ಕೆಲವು ಮಿಲಿಮೀಟರ್ ಮೇಲಿರುವುದೂ ಸ್ಪಷ್ಟವಾಗಿಯೇ ಮೂಡುತ್ತದೆ. ಹೀಗಾಗಿ 1990ರ ದಶಕದ ನಡುವಿನ, ಮೂಲೆ ಸೇರಿದ್ದ, ಎತ್ತಲು ಇಬ್ಬರು ಬೇಕಾದ ಸ್ಕ್ಯಾನರೇ ಈ ಕೆಲಸಕ್ಕೆ ತಕ್ಕದ್ದು ಎಂದು ಮೇಷ್ಟ್ರು ತೀರ್ಮಾನಿಸಿದರು. ಅದರ ಜೊತೆಗೊಂದು ಹಸಿರು ಕಾರ್ಡು, ಒಂದು ದಪ್ಪ ಕೇಬಲ್ಲು ಇದ್ದವು. ಕೈಪಿಡಿ ಇರಲಿಲ್ಲ.

ಕಾರ್ಡು ಏಕೆ ಬೇಕಿತ್ತು?

ಇಂದಿನ ಸ್ಕ್ಯಾನರಿಗೆ ಯುಎಸ್‌ಬಿ ತಂತಿ ಸಿಕ್ಕಿಸಿದರೆ ಸಾಕು. ಆಗ ಹಾಗಿರಲಿಲ್ಲ. ಯುಎಸ್‌ಬಿಯ ಮೊದಲ ವಿವರಣೆ ಹೊರಬಂದದ್ದು 1996ರಲ್ಲಿ. ಅದಕ್ಕೆ ಮುಂಚೆ ಗಣಕದ ಹಿಂಬದಿಯಲ್ಲಿ ಸಾಮಾನ್ಯವಾಗಿ ಇದ್ದದ್ದು ಎರಡು ಸೀರಿಯಲ್ ಪೋರ್ಟು, ಒಂದು ಮುದ್ರಕದ ಪೋರ್ಟು.

ಒಂದು ಲೆಕ್ಕ ಮಾಡಿ. ಎ4 ಹಾಳೆಯ ಅಗಲ 8.27 ಅಂಗುಲ, ಉದ್ದ 11.69 ಅಂಗುಲ. ಅಂಗುಲಕ್ಕೆ 300 ಚುಕ್ಕೆಗಳಂತೆ ಓದಿದರೆ ಅಡ್ಡಕ್ಕೆ ಸುಮಾರು 2,480, ಉದ್ದಕ್ಕೆ 3,508 ಚುಕ್ಕೆ. ಒಟ್ಟು ಸುಮಾರು 87 ಲಕ್ಷ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್. ಎಂದರೆ ಒಂದೇ ಹಾಳೆಗೆ 2 ಕೋಟಿ 61 ಲಕ್ಷ ಬೈಟ್. ಸೀರಿಯಲ್ ಪೋರ್ಟು ತನ್ನ ಗರಿಷ್ಠ ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಬೈಟ್ ಸಾಗಿಸುತ್ತದೆ. ಹಾಳೆ ಮುಗಿಯಲು 38 ನಿಮಿಷ! ಹಳೆಯ ಬಗೆಯ ಮುದ್ರಕದ ಪೋರ್ಟಿನಲ್ಲಿ, ಸೆಕೆಂಡಿಗೆ ಒಂದೂವರೆ ಲಕ್ಷ ಬೈಟ್ ಎಂದು ಹಿಡಿದರೂ, ಮೂರು ನಿಮಿಷ. ಓದುವ ಗಾಡಿ ಅಷ್ಟು ಹೊತ್ತು ನಿಂತು ನಿಂತು ಚಲಿಸಬೇಕು.

ಈ ತೊಡಕಿಗೆ ಆಗಲೇ ಒಂದು ಪರಿಹಾರ ಸಿದ್ಧವಿತ್ತು. ಹಾರ್ಡ್ ಡಿಸ್ಕುಗಳನ್ನು ಜೋಡಿಸಲು ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಸಂಸ್ಥೆ ರೂಪಿಸಿ 1981ರಲ್ಲಿ ಪ್ರಕಟಿಸಿದ್ದ ಒಂದು ಪದ್ಧತಿಯನ್ನು ತಿದ್ದಿ ತೀಡಿ 1986ರಲ್ಲಿ ಅಲ್ಲಿನ ಮಾನಕ ಸಂಸ್ಥೆ ಒಪ್ಪಿಕೊಂಡಿತು. ಅದರ ಹೆಸರು ಸ್ಮಾಲ್ ಕಂಪ್ಯೂಟರ್ ಸಿಸ್ಟಮ್ ಇಂಟರ್‌ಫೇಸ್; ಬಳಕೆಯಲ್ಲಿ ಸ್ಕಝಿ. ಎಂಟು ತಂತಿಗಳಲ್ಲಿ ಒಂದು ಬೈಟ್ ಒಟ್ಟಿಗೇ ಹೋಗುತ್ತದೆ. ಸೆಕೆಂಡಿಗೆ 50 ಲಕ್ಷ ಬೈಟ್‌ವರೆಗೆ ಸಾಗಿಸಬಲ್ಲದು. ಸಾಮಾನ್ಯ ಗಣಕದಲ್ಲಿ ಇದಕ್ಕೆ ಜಾಗ ಇರಲಿಲ್ಲವಾದ್ದರಿಂದ ಸ್ಕ್ಯಾನರಿನ ಪೆಟ್ಟಿಗೆಯಲ್ಲೇ ಒಂದು ಕಾರ್ಡನ್ನೂ ಇಟ್ಟು ಮಾರುತ್ತಿದ್ದರು. ಬಹುಪಾಲು ಇವು ಪೂರ್ಣ ಪ್ರಮಾಣದ ಸ್ಕಝಿ ಕಾರ್ಡುಗಳಲ್ಲ, ಖರ್ಚು ಕಡಿಮೆ ಮಾಡಲು ಮೊಟಕುಗೊಳಿಸಿದವು.

ಒಂದು ಎಚ್ಚರಿಕೆ. ಹಳೆಯ ಸ್ಕ್ಯಾನರುಗಳೆಲ್ಲ ಸ್ಕಝಿಯವಲ್ಲ. 1987ರಲ್ಲಿ ಬಂದ ಹ್ಯೂಲೆಟ್ ಪ್ಯಾಕರ್ಡ್‌ನ ಮೊದಲ ಸ್ಕ್ಯಾನ್‌ಜೆಟ್ ತನ್ನದೇ ಆದ ಬೇರೆ ಬಗೆಯ ಕಾರ್ಡನ್ನು ಬೇಡುತ್ತಿತ್ತು. ಅಂಥವಕ್ಕೆ ಅದದೇ ಕಾರ್ಡು ಸಿಕ್ಕರೆ ಮಾತ್ರ ದಾರಿ.

ಸಿಕ್ಕಿಸುವ ಮುನ್ನ

ನಮ್ಮ ಕಾರ್ಡು ಐಎಸ್ಎ ಬಗೆಯದು. ಐಬಿಎಂ ಕಂಪನಿ 1981ರ ತನ್ನ ಪಿಸಿಯಲ್ಲಿ ತಂದು, 1984ರಲ್ಲಿ ಹಿಗ್ಗಿಸಿದ ಸ್ಲಾಟು ಇದು. ಮದರ್‌ಬೋರ್ಡಿನ ಮೇಲೆ ಉದ್ದನೆಯ ಕಪ್ಪು ಸ್ಲಾಟು ಕಂಡರೆ ಅದು ಐಎಸ್ಎ. ಗಿಡ್ಡನೆಯ ಬಿಳಿ ಸ್ಲಾಟು ಸಾಮಾನ್ಯವಾಗಿ ಪಿಸಿಐ. 2000ದ ಆಸುಪಾಸಿನಲ್ಲಿ ಐಎಸ್ಎ ಸ್ಲಾಟುಗಳು ಹೊಸ ಗಣಕಗಳಿಂದ ಮಾಯವಾದವು. ಅದೃಷ್ಟಕ್ಕೆ ಶಾಲೆಯಲ್ಲಿ ವಿಂಡೋಸ್ 98 ಇದ್ದ ಒಂದು ಹಳೆಯ ಪೆಂಟಿಯಂ ಗಣಕ ಉಳಿದಿತ್ತು. ನಿಮ್ಮಲ್ಲಿ ಪಿಸಿಐ ಬಗೆಯ ಸ್ಕಝಿ ಕಾರ್ಡು ಇದ್ದರೆ ಮುಂದಿನ ವಿಭಾಗವನ್ನು ಬಿಟ್ಟು ಟರ್ಮಿನೇಟರಿನ ವಿಷಯಕ್ಕೆ ಹೋಗಬಹುದು. ಪಿಸಿಐ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಗಣಕದ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಮುಚ್ಚಳ ತೆಗೆಯಿರಿ. ಕಾರ್ಡನ್ನು ಮುಟ್ಟುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗವನ್ನು ಬರಿಗೈಯಲ್ಲಿ ಒಮ್ಮೆ ಮುಟ್ಟಿ. ಚಳಿಗಾಲದ ಒಣಹವೆಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವ ಸ್ಥಾಯೀ ವಿದ್ಯುತ್ತು ನಿಮ್ಮ ಮೈಯಲ್ಲಿದ್ದರೆ ಲೋಹಕ್ಕೆ ಹರಿದುಹೋಗುತ್ತದೆ. ಚಿಪ್ಪಿಗೆ ಹರಿದರೆ ಚಿಪ್ಪು ಹೋಗುತ್ತದೆ. ಕಾರ್ಡನ್ನು ಅಂಚು ಹಿಡಿದು ಎತ್ತಿ.

ಕಾರ್ಡಿನ ಕೆಳಗಿನ ಹಳದಿ ಹಲ್ಲುಗಳ ಮೇಲೆ ಕಲೆ ಕಟ್ಟಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ವಾಡಿಕೆ. ಕೆಲಸವೇನೋ ಆಗುತ್ತದೆ, ಆದರೆ ಆ ಹಳದಿ ಚಿನ್ನದ ತೆಳು ಲೇಪ. ಪದೇ ಪದೇ ಉಜ್ಜಿದರೆ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನಯವಾದ ಬಟ್ಟೆ ಮೇಲು. ಸ್ಲಾಟಿನಲ್ಲಿ ಕಾರ್ಡನ್ನು ನೆಟ್ಟಗೆ, ಎರಡೂ ತುದಿಗೆ ಸಮನಾಗಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿಯಿರಿ.

ಇನ್ನೊಂದು ಮಾತು ಮರೆಯಬಾರದು. ಇಂಥ ಕಾರ್ಡುಗಳ ಹಿಂದೆ ಅನೇಕವೇಳೆ 25 ರಂಧ್ರಗಳ ಕನೆಕ್ಟರ್ ಇರುತ್ತದೆ. ಮುದ್ರಕದ ಪೋರ್ಟೂ 25 ರಂಧ್ರಗಳದೇ, ಆಕಾರವೂ ಅದೇ. ಸ್ಕ್ಯಾನರಿನ ಕೇಬಲ್ಲು ಅಲ್ಲಿಯೂ ಸಲೀಸಾಗಿ ಕೂರುತ್ತದೆ, ಆದರೆ ತಂತಿಗಳ ಅರ್ಥ ಪೂರ್ತಿ ಬೇರೆ. ತಪ್ಪಿ ಸಿಕ್ಕಿಸಿ ಗಣಕ ಹಾಕಿದರೆ ಪೋರ್ಟೂ ಸ್ಕ್ಯಾನರೂ ಸುಡಬಹುದು. ಮಕ್ಕಳು ಮುದ್ರಕದ ಪೋರ್ಟಿನ ಮೇಲೆ ಕೆಂಪು ಟೇಪು ಅಂಟಿಸಿಬಿಟ್ಟರು. ಒಳ್ಳೆಯ ಉಪಾಯ.

ಮನೆ ನಂಬರು ಮತ್ತು ಕರೆಗಂಟೆ

ಕಾರ್ಡು ಕೂರಿಸಿ ಗಣಕ ಹಾಕಿದೆವು. ಕಾರ್ಡೇ ಇಲ್ಲ ಎಂದು ಚಾಲಕ ತಂತ್ರಾಂಶ ಹೇಳಿತು.

ಐಎಸ್ಎ ಕಾಲದ ಕಾರ್ಡಿಗೆ ಎರಡು ಸಂಗತಿಗಳನ್ನು ನಾವೇ ಗೊತ್ತುಮಾಡಬೇಕು. ಒಂದು ಅದರ ವಿಳಾಸ. ಸಂಸ್ಕಾರಕ ಎಲ್ಲ ಕಾರ್ಡುಗಳೊಂದಿಗೆ ಒಂದೇ ತಂತಿಗಳ ಗುಂಪಿನ ಮೂಲಕ ಮಾತಾಡುತ್ತದೆ. ಅದು ವಿಳಾಸ ಕೂಗುತ್ತದೆ. ಆ ವಿಳಾಸದ ಕಾರ್ಡು ಮಾತ್ರ ಓಗೊಡಬೇಕು, ಉಳಿದವು ಸುಮ್ಮನಿರಬೇಕು. ಆ ಕಾಲದ ಬಹುತೇಕ ಕಾರ್ಡುಗಳು ಈ ವಿಳಾಸದ ಹತ್ತು ದ್ವಿಮಾನ ಅಂಕಗಳನ್ನಷ್ಟೇ ಗಮನಿಸುತ್ತಿದ್ದವು. ಆದ್ದರಿಂದ ಒಟ್ಟು 1,024 ವಿಳಾಸ. ಅದರಲ್ಲೂ ಬಹಳಷ್ಟು ಆಗಲೇ ಹಂಚಿಹೋಗಿದ್ದವು. ಇವನ್ನು ಷೋಡಶಮಾನದಲ್ಲಿ ಬರೆಯುವುದು ರೂಢಿ: ಮುದ್ರಕಕ್ಕೆ 378, ಧ್ವನಿ ಕಾರ್ಡಿಗೆ ಸಾಮಾನ್ಯವಾಗಿ 220, ಹೀಗೆ.

ಕಾರ್ಡಿನ ಮೇಲೆ ಎದ್ದುನಿಂತ ಸಣ್ಣ ಮೊಳೆಗಳ ಜೋಡಿಗಳಿವೆಯಲ್ಲ, ಅವುಗಳ ಮೇಲೆ ಕೂರುವ ಕಪ್ಪು ಟೊಪ್ಪಿಗೆಗಳಿಗೆ ಜಂಪರ್ ಎನ್ನುತ್ತಾರೆ. ಟೊಪ್ಪಿಗೆ ಹಾಕಿದರೆ ಎರಡು ಮೊಳೆಗಳ ನಡುವೆ ಸಂಪರ್ಕ, ತೆಗೆದರೆ ಇಲ್ಲ. ವಿಳಾಸ ಹೇಳಲು ಇಷ್ಟೇ ಸಾಕು. ಷೋಡಶಮಾನದ 340ನ್ನು ದ್ವಿಮಾನದಲ್ಲಿ ಬರೆದರೆ 11 0100 0000. 330 ಎಂದರೆ 11 0011 0000. ಎರಡಕ್ಕೂ ವ್ಯತ್ಯಾಸ ಮೂರು ಸ್ಥಾನಗಳಲ್ಲಿ ಮಾತ್ರ. ಸಂಸ್ಕಾರಕ ಕೂಗಿದ ವಿಳಾಸವನ್ನು ಕಾರ್ಡಿನ ಒಂದು ಪುಟ್ಟ ಮಂಡಲ ಜಂಪರಿನ ಸ್ಥಿತಿಯೊಂದಿಗೆ ಹೋಲಿಸಿ, ತಾಳೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಗಣಿತದ ತರಗತಿಯಲ್ಲಿ ದ್ವಿಮಾನ ಪದ್ಧತಿ ಯಾಕೆ ಓದಬೇಕು ಎಂದು ಕೇಳಿದವರಿಗೆ ಮೇಷ್ಟ್ರು ಅಂದು ಈ ಕಾರ್ಡನ್ನೇ ತೋರಿಸಿದರು.

ನಮ್ಮ ಕಾರ್ಡು 330ಕ್ಕೆ ಹೊಂದಿಸಿತ್ತು. ಗಣಕದಲ್ಲಿದ್ದ ಧ್ವನಿ ಕಾರ್ಡು ಸಂಗೀತ ವಾದ್ಯಗಳ ಮಿಡಿ ಸಂಪರ್ಕಕ್ಕೆಂದು ಅದೇ 330ನ್ನು ಹಿಡಿದುಕೊಂಡಿತ್ತು. ಒಂದು ಬಾಗಿಲ ಸಂಖ್ಯೆಗೆ ಎರಡು ಮನೆ! ಸಂಸ್ಕಾರಕ ಪ್ರಶ್ನೆ ಕೇಳಿದಾಗ ಎರಡೂ ಏಕಕಾಲಕ್ಕೆ ಉತ್ತರ ಕೊಟ್ಟವು. ಒಂದೇ ತಂತಿಯನ್ನು ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ. ಬಂದ ಉತ್ತರಕ್ಕೆ ಅರ್ಥವಿರಲಿಲ್ಲ, ಚಾಲಕ ತಂತ್ರಾಂಶ ಕಾರ್ಡಿಲ್ಲ ಎಂದು ಕೈಚೆಲ್ಲಿತು. ಜಂಪರನ್ನು 340ಕ್ಕೆ ಬದಲಿಸಿದೆವು. ಯಾವ ಮೊಳೆ ಯಾವ ವಿಳಾಸಕ್ಕೆ ಎಂಬುದನ್ನು ಕಾರ್ಡಿನ ಮೇಲೆಯೇ ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಭೂತಗನ್ನಡಿ ಹಿಡಿದು ಒಬ್ಬ ಹುಡುಗಿ ಓದಿದಳು. ಈ ಬಾರಿ ಕಾರ್ಡು ಸಿಕ್ಕಿತು. ಸಿಕ್ಕಿದ ಎರಡನೇ ನಿಮಿಷಕ್ಕೆ ಗಣಕ ಸ್ತಬ್ಧವಾಯಿತು.

ಇದು ಎರಡನೆಯ ಸಂಗತಿ, ಇಂಟರಪ್ಟ್. ನಲವತ್ತು ಮಕ್ಕಳಿಗೆ ಲೆಕ್ಕ ಕೊಟ್ಟ ಮೇಷ್ಟ್ರು ಪ್ರತಿಯೊಬ್ಬರ ಬಳಿಗೂ ಹೋಗಿ ‘ಆಯಿತೇ, ಆಯಿತೇ’ ಎಂದು ಕೇಳುತ್ತ ಸುತ್ತಬಹುದು. ಅಥವಾ ಆದವರು ಕೈ ಎತ್ತಿ ಎಂದು ಹೇಳಿ ತಮ್ಮ ಕೆಲಸ ನೋಡಿಕೊಳ್ಳಬಹುದು. ಕಾರ್ಡು ಕೈ ಎತ್ತುವ ತಂತಿಯೇ ಇಂಟರಪ್ಟ್ ತಂತಿ. 1981ರ ಪಿಸಿಯಲ್ಲಿ ಇವು 8. 1984ರಲ್ಲಿ ಎರಡನೆಯ ನಿಯಂತ್ರಕ ಚಿಪ್ಪನ್ನು ಮೊದಲಿನದಕ್ಕೆ ಪೋಣಿಸಿದಾಗ 15 ಆದವು, 16 ಅಲ್ಲ. ಏಕೆಂದರೆ ಪೋಣಿಸಲು ಒಂದು ತಂತಿ ಖರ್ಚಾಯಿತು. ಸೊನ್ನೆ ಗಡಿಯಾರಕ್ಕೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 14 ಹಾರ್ಡ್ ಡಿಸ್ಕಿಗೆ. ಎಲ್ಲ ಕಳೆದು ಹೊಸಬರಿಗೆ ಉಳಿಯುವುದು 10, 11, ಕೆಲವೊಮ್ಮೆ 5, 9. ಐಎಸ್ಎ ಪದ್ಧತಿಯಲ್ಲಿ ಎರಡು ಕಾರ್ಡುಗಳು ಒಂದೇ ತಂತಿಯನ್ನು ಹಂಚಿಕೊಳ್ಳುವಂತಿಲ್ಲ.

ನಮ್ಮ ಕಾರ್ಡು 11ರಲ್ಲಿತ್ತು. ಗಣಕದ ಬಯೋಸ್, ಅಂದರೆ ಗಣಕ ಎಚ್ಚೆತ್ತೊಡನೆ ಮೊದಲು ಓಡುವ ತಂತ್ರಾಂಶ, ಪಿಸಿಐ ಸ್ಲಾಟಿನಲ್ಲಿದ್ದ ಜಾಲ ಕಾರ್ಡಿಗೂ ಅದೇ 11ನ್ನು ಹಂಚಿತ್ತು. ಅದರ ತಪ್ಪೂ ಇಲ್ಲ: ಜಂಪರಿನ ಹಳೆಯ ಕಾರ್ಡು ತಾನಿದ್ದೇನೆಂದು ಬಯೋಸಿಗೆ ಹೇಳಿಕೊಳ್ಳಲಾರದು. ತಾನಾಗಿ ಹೇಳಿಕೊಳ್ಳುವ ಐಎಸ್ಎ ಕಾರ್ಡುಗಳು ಬಂದದ್ದು 1993ರ ಪ್ಲಗ್ ಅಂಡ್ ಪ್ಲೇ ವಿವರಣೆಯ ನಂತರ. ಆದ್ದರಿಂದ ನಾವೇ ಹೇಳಬೇಕು. ಬಯೋಸ್ ಪರದೆಯಲ್ಲಿ ಪಿಸಿಐ ಮತ್ತು ಪ್ಲಗ್ ಅಂಡ್ ಪ್ಲೇ ಎಂಬ ಪುಟದಲ್ಲಿ ಪ್ರತಿ ಇಂಟರಪ್ಟ್ ಸಂಖ್ಯೆಯ ಎದುರಿಗೂ ಒಂದು ಆಯ್ಕೆ ಇರುತ್ತದೆ. 11ರ ಎದುರು ಲೆಗಸಿ ಐಎಸ್ಎ ಎಂದು ಬದಲಿಸಿದೆವು. ಮುಂದಿನ ಬಾರಿ ಜಾಲ ಕಾರ್ಡಿಗೆ 10 ಸಿಕ್ಕಿತು, ಗಣಕ ನಿಲ್ಲಲಿಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿ ಹಳದಿ ಆಶ್ಚರ್ಯಸೂಚಕ ಚಿಹ್ನೆಯೂ ಮಾಯವಾಯಿತು. ಇಂಟರಪ್ಟ್ ಒಂದೂ ಖಾಲಿ ಇರದಿದ್ದರೆ ಕೆಲವು ಕಾರ್ಡುಗಳನ್ನು ಇಂಟರಪ್ಟ್ ಇಲ್ಲದೆಯೂ ನಡೆಸಬಹುದು. ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಸುತ್ತಿದ ಹಾಗೆ ನಿಧಾನ, ಅಷ್ಟೆ.

ಅಲ್ಲಿಗೆ ಮೊದಲ ದಿನ ಮುಗಿಯಿತು.

ಸರಪಣಿಯ ಸಂಖ್ಯೆ

ಸ್ಕಝಿ ಎಂಬುದು ಒಂದು ಸರಪಣಿ. ಒಂದು ಕಾರ್ಡಿಗೆ ಏಳು ಉಪಕರಣಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಪೋಣಿಸಬಹುದು. ಪ್ರತಿಯೊಂದಕ್ಕೂ 0ಯಿಂದ 7ರ ತನಕ ಒಂದು ಸಂಖ್ಯೆ. ಈ ಸಂಖ್ಯೆ ಬರಿಯ ಹೆಸರಲ್ಲ. ದತ್ತಾಂಶಕ್ಕೆ ಎಂಟು ತಂತಿಗಳಿವೆ ಎಂದೆನಲ್ಲ, ಉಪಕರಣದ ಸಂಖ್ಯೆ ಎಂದರೆ ಆ ಎಂಟರಲ್ಲಿ ಅದರ ತಂತಿ ಯಾವುದು ಎಂದು. ತಂತಿ ಬೇಕೆಂದಾಗ ಪ್ರತಿ ಉಪಕರಣವೂ ತನ್ನ ತಂತಿಯನ್ನು ಎಳೆಯುತ್ತದೆ. ಇಬ್ಬರು ಒಟ್ಟಿಗೆ ಎಳೆದರೆ ದೊಡ್ಡ ಸಂಖ್ಯೆಯವರು ಗೆದ್ದರು. ಅದಕ್ಕೇ ಯಜಮಾನನಾದ ಕಾರ್ಡಿಗೆ ಸಾಮಾನ್ಯವಾಗಿ 7. ಸೊನ್ನೆ ಮತ್ತು 1ನ್ನು ಹಾರ್ಡ್ ಡಿಸ್ಕುಗಳಿಗೆ ಬಿಡುವುದು ರೂಢಿ. ಸ್ಕ್ಯಾನರಿನ ಹಿಂಬದಿಯಲ್ಲಿ ಒಂದು ಸಣ್ಣ ತಿರುಗು ಗುಂಡಿ ಇರುತ್ತದೆ. ನಮ್ಮದು 2ರಲ್ಲಿತ್ತು, ಹಾಗೆಯೇ ಬಿಟ್ಟೆವು.

ಸ್ಕ್ಯಾನರಿಗೆ ವಿದ್ಯುತ್ ಕೊಡುವ ಮುನ್ನ ಅದರ ಬೀಗ ನೋಡಿ. ಸಾಗಿಸುವಾಗ ಒಳಗಿನ ಗಾಡಿ ಅಲುಗದಂತೆ ಒಂದು ತಿರುಪು ಅಥವಾ ಚಿಲಕ ಹಾಕಿರುತ್ತಾರೆ. ಅದನ್ನು ತೆಗೆಯದೆ ಹಾಕಿದರೆ ಮೋಟಾರು ಕರಕರ ಎಂದು ನರಳುತ್ತದೆ, ಹಲ್ಲುಚಕ್ರ ಸವೆಯುತ್ತದೆ. ಮೊದಲು ಸ್ಕ್ಯಾನರ್ ಹಾಕಿ, ಅದು ಸಿದ್ಧವಾದ ಮೇಲೆ ಗಣಕ ಹಾಕಿ. ಗಣಕ ಎಚ್ಚರಗೊಳ್ಳುವಾಗ ಸರಪಣಿಯಲ್ಲಿ ಯಾರಿದ್ದಾರೆಂದು ಹಾಜರಿ ತೆಗೆದುಕೊಳ್ಳುತ್ತದೆ. ಆಗ ಮಲಗಿದ್ದ ಸ್ಕ್ಯಾನರ್ ಗೈರುಹಾಜರಿ. ಮತ್ತು ಯುಎಸ್‌ಬಿಯ ಅಭ್ಯಾಸದಲ್ಲಿ ಬೆಳೆದ ನಿಮಗೆ ಇದು ಮುಖ್ಯ: ವಿದ್ಯುತ್ ಇರುವಾಗ ಈ ಕೇಬಲ್ಲನ್ನು ಸಿಕ್ಕಿಸುವುದು, ಕೀಳುವುದು ಎರಡೂ ಕೂಡದು.

ತುದಿಯಲ್ಲೇನಿದೆ?

ಎರಡನೆಯ ದಿನ ಬೆಳಿಗ್ಗೆ ಸ್ಕ್ಯಾನರಿನ ಹೆಸರು ಪರದೆಯ ಮೇಲೆ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಮುನ್ನೋಟವೂ ಸರಿಯಾಗಿ ಮೂಡಿತು. ಆದರೆ ಪೂರ್ಣ ಚಿತ್ರ ತೆಗೆಯಹೋದರೆ ನಡುವೆ ಎಲ್ಲೋ ಬಣ್ಣ ಪಟ್ಟೆ ಪಟ್ಟೆಯಾಗಿ ಕದಡುತ್ತಿತ್ತು, ಆಮೇಲೆ ಗಾಡಿ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಬೇರೆ ಜಾಗದಲ್ಲಿ.

ನಾನು ಭೌತಶಾಸ್ತ್ರದ ಪದವೀಧರ ಎಂಬ ಭಂಡ ಧೈರ್ಯದಿಂದ ಇದು ಚಾಲಕ ತಂತ್ರಾಂಶದ ದೋಷವೇ ಎಂದು ಸಾಧಿಸಿದೆ. ಮೂರು ಸಲ ಅಳಿಸಿ ಮೂರು ಸಲ ಹಾಕಿಸಿದೆ. ಮಧ್ಯಾಹ್ನವಾಯಿತು. ಎಸ್.ಪಿ. ರಸ್ತೆಯಿಂದ ತರಿಸಿದ್ದ ಇನ್ನೊಂದು ಕೇಬಲ್ಲನ್ನೂ ಹಾಕಿ ನೋಡಿದೆವು. ಪಟ್ಟೆಗಳು ಹೋಗಲಿಲ್ಲ.

ಊಟದ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಸ್ಕ್ಯಾನರಿನ ಬೆನ್ನು ನೋಡುತ್ತ ಕೇಳಿದ: ‘ಸರ್, ಇಲ್ಲಿ ಎರಡು ಕನೆಕ್ಟರ್ ಇದೆ. ಒಂದಕ್ಕೆ ಕೇಬಲ್ ಹಾಕಿದೀವಿ. ಇನ್ನೊಂದು ಹೀಗೆ ಖಾಲಿ ಬಿಡಬಹುದಾ?’

ಬಿಡಬಾರದು. ನನಗದು ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ತೋಚಿರಲಿಲ್ಲ.

ಪಿಯುಸಿಯಲ್ಲಿ ಅಲೆಗಳ ಪಾಠ ಓದಿದವರು ನೆನಪಿಸಿಕೊಳ್ಳಿ. ಉದ್ದ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಝಾಡಿಸಿದರೆ ಒಂದು ಉಬ್ಬು ಹಗ್ಗದುದ್ದಕ್ಕೂ ಓಡಿ, ಸರಳಿಗೆ ಬಡಿದು, ತಲೆಕೆಳಗಾಗಿ ವಾಪಸು ಬರುತ್ತದೆ. ತುದಿ ಸಡಿಲವಾಗಿದ್ದರೆ ತಲೆಕೆಳಗಾಗದೆ ವಾಪಸು ಬರುತ್ತದೆ. ಎರಡರಲ್ಲೂ ಬರುವುದಂತೂ ಖಂಡಿತ. ವಿದ್ಯುತ್ ಸಂಕೇತಕ್ಕೂ ಇದೇ ನಿಯಮ. ಕೇಬಲ್ಲಿನಲ್ಲಿ ಅದು ನ್ಯಾನೊಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಸುಮಾರು 20 ಸೆಂಟಿಮೀಟರ್ ಓಡುತ್ತದೆ. ಎರಡು ಮೀಟರ್ ಕೇಬಲ್ಲಿನ ತುದಿ ಮುಟ್ಟಿ ಹಿಂದಿರುಗಲು 20 ನ್ಯಾನೊಸೆಕೆಂಡು. ಸೆಕೆಂಡಿಗೆ 50 ಲಕ್ಷ ಬೈಟ್ ಎಂದರೆ ಒಂದು ಬೈಟಿಗೆ 200 ನ್ಯಾನೊಸೆಕೆಂಡು. ಎಂದರೆ ಒಂದು ಬೈಟ್ ಇನ್ನೂ ತಂತಿಯ ಮೇಲಿರುವಾಗಲೇ ಅದರ ಪ್ರತಿಧ್ವನಿ ಬಂದು ಸೇರುತ್ತದೆ.

ದತ್ತಾಂಶದ ತಂತಿಗಳಲ್ಲಿ ಇದು ಅಷ್ಟು ಅಪಾಯವಲ್ಲ. ಸ್ವಲ್ಪ ತಡೆದು ಓದಿದರಾಯಿತು. ಆದರೆ ‘ಇಗೋ ಬೈಟ್’ ಎಂದು ಒಂದು ತಂತಿ, ‘ತಲುಪಿತು’ ಎಂದು ಮತ್ತೊಂದು ತಂತಿ ಹೇಳುತ್ತಿರುತ್ತವೆ. ಈ ಎರಡರಲ್ಲಿ ಪ್ರತಿಧ್ವನಿ ಮೂಡಿದರೆ ಒಂದು ಬೈಟ್ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಕೆಂಪಿನ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ನೀಲಿ ಸರಿಯುತ್ತದೆ. ಪಟ್ಟೆಗಳ ರಹಸ್ಯ ಇದೇ. ಕೊನೆಯಲ್ಲಿ ಗಣಕದ ಲೆಕ್ಕ ಮುಗಿದಿರುತ್ತದೆ, ಸ್ಕ್ಯಾನರಿನದು ಮುಗಿದಿರುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ನಿಲ್ಲುತ್ತಾರೆ. ಮುನ್ನೋಟ ಏಕೆ ಸರಿಬಂತು? ಅಂಗುಲಕ್ಕೆ 75 ಚುಕ್ಕೆಯ ಮುನ್ನೋಟಕ್ಕೆ 16 ಲಕ್ಷ ಬೈಟ್ ಸಾಕು, 300ರ ಚಿತ್ರಕ್ಕೆ ಅದರ ಹದಿನಾರರಷ್ಟು. ದಾರಿ ಕೆಟ್ಟಿದ್ದರೂ ಒಂದೆರಡು ಗಾಡಿ ದಾಟಿಹೋಗುತ್ತವೆ, ಜಾತ್ರೆಯ ದಿನ ತಿಳಿಯುತ್ತದೆ.

ಪರಿಹಾರ ಟರ್ಮಿನೇಟರ್. ಕೇಬಲ್ಲಿನ ಎರಡೂ ತುದಿಗಳಲ್ಲಿ ಸಂಕೇತವನ್ನು ಹೀರಿಕೊಳ್ಳುವ ರೋಧಕಗಳನ್ನು ಇಡಬೇಕು. ಹಳೆಯ ಬಗೆಯಲ್ಲಿ ಪ್ರತಿ ತಂತಿಗೂ 5 ವೋಲ್ಟಿನ ಕಡೆಗೆ 220 ಓಮ್, ನೆಲದ ಕಡೆಗೆ 330 ಓಮ್. ಎರಡೂ ಸೇರಿ ಸಂಕೇತಕ್ಕೆ 132 ಓಮ್‌ನಂತೆ ಕಾಣುತ್ತವೆ. ಯಾರೂ ಮಾತಾಡದಿರುವಾಗ ತಂತಿಯನ್ನು 3 ವೋಲ್ಟಿನಲ್ಲಿ ಹಿಡಿದಿಡುತ್ತವೆ. ಕಾಲೇಜು ವಿದ್ಯಾರ್ಥಿಗಳು ಎರಡೂ ಲೆಕ್ಕವನ್ನು ಕೈಯಾರೆ ಮಾಡಿ ನೋಡಬಹುದು. ಪ್ರತಿಫಲನದ ಪ್ರಮಾಣ ತಿಳಿಯಬೇಕೇ? ತುದಿಯ ಓಮ್‌ನಿಂದ ಕೇಬಲ್ಲಿನ ಓಮ್ ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಕೇಬಲ್ಲು 100 ಓಮ್ ಎಂದಿಟ್ಟುಕೊಂಡರೆ 32ನ್ನು 232ರಿಂದ ಭಾಗಿಸಿದಂತೆ. ಶೇಕಡ 14 ಮಾತ್ರ ವಾಪಸು. ಆಮೇಲೆ ಬಂದ ಉತ್ತಮ ಬಗೆಯಲ್ಲಿ 110 ಓಮ್ ಇಡುತ್ತಾರೆ, ಆಗ ಶೇಕಡ 5ಕ್ಕಿಂತ ಕಡಿಮೆ. ಏನೂ ಇಲ್ಲದ ಖಾಲಿ ತುದಿಯಲ್ಲಿ ಪೂರ್ತಿ ನೂರಕ್ಕೆ ನೂರು.

ನಿಯಮ ಒಂದೇ: ಎರಡು ತುದಿಗೆ ಎರಡು, ನಡುವೆ ಒಂದೂ ಬೇಡ. ಕಾರ್ಡಿಗೆ ಸ್ಕ್ಯಾನರೊಂದೇ ಇದ್ದರೆ ಕಾರ್ಡು ಒಂದು ತುದಿ, ಸ್ಕ್ಯಾನರ್ ಇನ್ನೊಂದು. ಡಬ್ಬಿಯೊಳಗೆ ಸ್ಕಝಿ ಹಾರ್ಡ್ ಡಿಸ್ಕೂ ಇದ್ದರೆ ಕಾರ್ಡು ನಡುವೆ ಬಂದಂತಾಯಿತು. ಆಗ ಕಾರ್ಡಿನದನ್ನು ತೆಗೆಯಬೇಕು. ಅಂಥ ಗಣಕಕ್ಕೆ ಸ್ಕ್ಯಾನರ್ ಜೋಡಿಸುವ ಮೊದಲು ಡಿಸ್ಕಿನಲ್ಲಿರುವುದರ ಪ್ರತಿ ಮಾಡಿಟ್ಟುಕೊಳ್ಳಿ. ಚಿತ್ರದಲ್ಲಿ ಬೈಟ್ ಕದಡಿದರೆ ಪಟ್ಟೆ ಬರುತ್ತದೆ, ಡಿಸ್ಕಿನಲ್ಲಿ ಕದಡಿದರೆ ನಿಮ್ಮ ಕಡತಗಳೇ ಹೋಗುತ್ತವೆ.

ನಮ್ಮ ಟರ್ಮಿನೇಟರ್ ಎಲ್ಲಿತ್ತು? ಬೆರಳುದ್ದದ ಅಗಲ ಪ್ಲಗ್ಗು ಅದು, ಅದರಿಂದ ತಂತಿ ಹೊರಡುವುದಿಲ್ಲ. ದೂಳು ಹೋಗದಿರಲು ಹಾಕುವ ಮುಚ್ಚಳದಂತೆ ಕಾಣುತ್ತದೆ. ಯಾರೋ ಹಾಗೆಂದೇ ಭಾವಿಸಿ ಕಿತ್ತಿಟ್ಟಿದ್ದರು. ಕಚೇರಿಯ ಮೇಜಿನ ಖಾನೆಯಲ್ಲಿ, ರಬ್ಬರ್ ಸ್ಟಾಂಪುಗಳ ಜೊತೆ ಸಿಕ್ಕಿತು. ಎಲ್ಲವನ್ನೂ ಆರಿಸಿ, ಅದನ್ನು ಸಿಕ್ಕಿಸಿ, ಮತ್ತೆ ಹಾಕಿದೆವು. ಗಾಡಿ ಒಂದೇ ಸಮನೆ ಈ ತುದಿಯಿಂದ ಆ ತುದಿಗೆ ಹೋಯಿತು.

ತಂತ್ರಾಂಶದ ಮೂರು ಮೆಟ್ಟಿಲು

ಈ ಭಾಗ ಚಿಕ್ಕದು. ಕೆಳಗಿನ ಮೆಟ್ಟಿಲು ಕಾರ್ಡಿನ ಚಾಲಕ ತಂತ್ರಾಂಶ. ಅದಕ್ಕೆ ವಿಳಾಸ ಮತ್ತು ಇಂಟರಪ್ಟ್ ತಿಳಿದಿರಬೇಕು. ನಡುವಿನದು ಆಸ್ಪಿ, ಯಾವ ಕಂಪನಿಯ ಕಾರ್ಡಾದರೂ ಒಂದೇ ಭಾಷೆಯಲ್ಲಿ ಮಾತಾಡುವಂತೆ ಅಡಾಪ್ಟೆಕ್ ಸಂಸ್ಥೆ ರೂಪಿಸಿದ ಪದರ. ಮೇಲಿನದು 1992ರಲ್ಲಿ ಬಂದ ಟ್ವೇನ್. ಚಿತ್ರ ತಿದ್ದುವ ಯಾವುದೇ ತಂತ್ರಾಂಶ ಯಾವುದೇ ಸ್ಕ್ಯಾನರನ್ನು ಕರೆಯಲು ಇದೇ ದಾರಿ. ತೊಂದರೆ ಬಂದರೆ ಕೆಳಗಿನಿಂದಲೇ ಹುಡುಕಿ. ಕಾರ್ಡೇ ಕಾಣದಿದ್ದರೆ ಟ್ವೇನನ್ನು ಬಯ್ದು ಫಲವಿಲ್ಲ.

ಹೊಸ ವಿಂಡೋಸಿಗೆ ಇಂಥ ಸ್ಕ್ಯಾನರುಗಳ ಚಾಲಕ ಸಿಗುವುದು ಕಷ್ಟ. ಲಿನಕ್ಸ್ ಇದ್ದರೆ ಸೇನ್ ಎಂಬ ಉಚಿತ ತಂತ್ರಾಂಶ ಎಷ್ಟೋ ಹಳೆಯ ಸ್ಕಝಿ ಸ್ಕ್ಯಾನರುಗಳನ್ನು ಗುರುತಿಸುತ್ತದೆ. ಸರಪಣಿಯಲ್ಲಿ ಸ್ಕ್ಯಾನರ್ ಇದೆಯೇ ಎಂದು ನೋಡುವ ಒಂದು ಆದೇಶವೂ ಅದರಲ್ಲಿದೆ. ಪಿಸಿಐ ಕಾರ್ಡು ಮತ್ತು ಲಿನಕ್ಸ್ ಸೇರಿದರೆ ನಮ್ಮ ಎರಡು ದಿನಗಳಲ್ಲಿ ಒಂದನ್ನು ನೀವು ಉಳಿಸಬಹುದು.

ಕಾಳುಗಳು

ದೀಪ ಬೆಚ್ಚಗಾಗಲು ಅರ್ಧ ಗಂಟೆ ಬಿಟ್ಟೆವು. ಹಳೆಯ ಸ್ಕ್ಯಾನರಿನ ಕೊಳವೆ ದೀಪದ ಬಣ್ಣ ಮೊದಮೊದಲು ನಿಲ್ಲುವುದಿಲ್ಲ. ಕೆಂಪು ಭತ್ತ, ಕಪ್ಪು ಭತ್ತದ ವ್ಯತ್ಯಾಸ ದಾಖಲಿಸಬೇಕಾದವರಿಗೆ ಅದು ಮುಖ್ಯ. ಗಾಜಿನ ಮೇಲೆ ಪಾರದರ್ಶಕ ಹಾಳೆ, ಅದರ ಮೇಲೆ ಇಪ್ಪತ್ತು ಕಾಳು, ಪಕ್ಕದಲ್ಲೊಂದು ಅಳತೆಪಟ್ಟಿ, ಮೇಲೆ ಮುಚ್ಚಳದ ಬದಲು ಒಳಭಾಗಕ್ಕೆ ನೀಲಿ ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆ. ಅಂಗುಲಕ್ಕೆ 600 ಚುಕ್ಕೆ ಎಂದರೆ ಒಂದು ಚುಕ್ಕೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ. ಎಂಟು ಮಿಲಿಮೀಟರ್ ಉದ್ದದ ಕಾಳಿಗೆ ಸುಮಾರು 190 ಚುಕ್ಕೆ. ಹೊಟ್ಟಿನ ಮೇಲಿನ ಉದ್ದನೆಯ ಗೆರೆಗಳೂ ತುದಿಯ ಮುಳ್ಳೂ ಸ್ಪಷ್ಟವಾಗಿ ಬಂದವು. ಹುಳ ಕೊರೆದ ತೂತುಗಳೂ ಬಂದವು.

ಸಂಜೆ ಏಳರವರೆಗೆ ಹುಳ ಬಿದ್ದ ಪೊಟ್ಟಣಗಳನ್ನೆಲ್ಲ ಮುಗಿಸಿದರು. ಚೆನ್ನಾಗಿದ್ದವನ್ನು ಆ ವಾರವಿಡೀ ತಾವೇ ಮಾಡಿದರು. ನಡುವೆ ಒಂದು ದಿನ ಕರೆಂಟು ಹೋಗಿ ಬಂದ ಮೇಲೆ ಗಣಕ ಮತ್ತೆ ಸ್ತಬ್ಧವಾಯಿತಂತೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಸತ್ತು, 11ನ್ನು ಕಾದಿರಿಸಿದ್ದನ್ನು ಬಯೋಸ್ ಮರೆತಿತ್ತು. ಪೇಟೆಯಿಂದ ಹೊಸ ಬ್ಯಾಟರಿ ತಂದು ಹಾಕಿಕೊಂಡರು. ಈಗ ಗಣಕದ ಮುಚ್ಚಳದ ಒಳಬದಿಯಲ್ಲಿ ಆ ಹುಡುಗಿಯ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದೆ: ‘ವಿಳಾಸ 340. ಇಂಟರಪ್ಟ್ 11, ಬಯೋಸಿನಲ್ಲಿ ಲೆಗಸಿ. ಕಾರ್ಡು 7, ಸ್ಕ್ಯಾನರ್ 2. ಹಿಂದಿರುವುದು ಮುಚ್ಚಳ ಅಲ್ಲ, ತೆಗೆಯಬೇಡಿ.’